ಅಸಲಿ, ದಾಖಲಿ, ಬೇಚಿರಾಕು: ಊರಿನ ಹೆಸರಿಗೆ ಸಾಕ್ಷಿ ಯಾರು?

2023ರ ಜನವರಿ 19ರಂದು ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಫಲಾನುಭವಿಗಳಿಗೆ ಹಕ್ಕುಪತ್ರ ನೀಡುವ ಕಾರ್ಯಕ್ರಮ ಪ್ರಧಾನಮಂತ್ರಿಗಳ ಸಮ್ಮುಖದಲ್ಲಿ ನಡೆಯಿತು. ಕಲಬುರಗಿ, ಯಾದಗಿರಿ, ರಾಯಚೂರು, ಬೀದರ್ ಮತ್ತು ವಿಜಯಪುರ ಜಿಲ್ಲೆಗಳ ಸುಮಾರು 1,475 ದಾಖಲೆರಹಿತ ಜನವಸತಿಗಳು ಕಂದಾಯ ಗ್ರಾಮಗಳೆಂದು ಘೋಷಿತವಾದುದರ ಫಲ ಅದು. ಅವುಗಳಲ್ಲಿ ಲಂಬಾಣಿ ತಾಂಡಾಗಳ ಪಾಲು ದೊಡ್ಡದು. ತಲೆಮಾರುಗಳಿಂದ ಒಲೆ ಹೊತ್ತಿಸಿ, ಮಕ್ಕಳನ್ನು ಹೆತ್ತು, ಸತ್ತವರನ್ನು ಹೂಳುತ್ತ ಬಂದ ಜನರಿಗೆ ತಾವು ನಿಂತ ನೆಲ ತಮ್ಮದೆಂದು ಹೇಳುವ ಒಂದು ಕಾಗದ ದೊರೆಯಿತು. ಅದರ ಮಹತ್ತ್ವವನ್ನು ಕಡೆಗಣಿಸುವಂತಿಲ್ಲ.

ಕಾರ್ಯಕ್ರಮ ನಡೆದ ಸ್ಥಳ ಗಮನಿಸತಕ್ಕದ್ದು. ಮಳಖೇಡವೆಂದರೆ ರಾಷ್ಟ್ರಕೂಟರ ಮಾನ್ಯಖೇಟ. ಅಮೋಘವರ್ಷ ನೃಪತುಂಗನ ರಾಜಧಾನಿ. ಪುಷ್ಪದಂತ ಕವಿ ಅಪಭ್ರಂಶದ ಮಹಾಪುರಾಣವನ್ನು ರಚಿಸಿದ ಊರು. ನೃಪತುಂಗನ ಆಸ್ಥಾನದ ಕೃತಿಯಾದ ಕವಿರಾಜಮಾರ್ಗ ಕನ್ನಡನಾಡನ್ನು ಗುರುತಿಸಿದ ಬಗೆ ಸಾಹಿತ್ಯದ ವಿದ್ಯಾರ್ಥಿಗಳಿಗೆಲ್ಲ ತಿಳಿದದ್ದೇ. ಅದು ಮೊದಲು ಎರಡು ನದಿಗಳನ್ನು ಎಲ್ಲೆಯಾಗಿ ಹೇಳುತ್ತದೆ. ಆಮೇಲೆ ತಿರುಳ್ಗನ್ನಡದ ನೆಲವನ್ನು ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದ ಎಂಬ ನಾಲ್ಕು ಊರುಗಳಿಂದ ಗುರುತಿಸುತ್ತದೆ. ಆ ನಾಲ್ಕರಲ್ಲಿ ಒಕ್ಕುಂದ ಇಂದು ಬೆಳಗಾವಿ ಜಿಲ್ಲೆಯ ಒಂದು ಹಳ್ಳಿ, ವಕ್ಕುಂದ. ಆ ಹೆಸರು ಜನರ ಬಾಯಲ್ಲಿ ಸವೆಯುತ್ತಲೇ ಉಳಿದುಬಂದಿರದಿದ್ದರೆ ಕವಿರಾಜಮಾರ್ಗದ ನಕ್ಷೆಯ ಒಂದು ಮೂಲೆ ಇಂದಿಗೂ ಊಹೆಯಾಗಿಯೇ ಇರುತ್ತಿತ್ತು.

ಹಾಗಿರುವಾಗ ಕೇಳಬೇಕಾದ ಪ್ರಶ್ನೆ ಇದು: ಜನ ವಾಸಿಸುವ, ಹೆಸರಿರುವ, ದೇವರಿರುವ ಒಂದು ಊರು ‘ದಾಖಲೆರಹಿತ’ ಆಗುವುದು ಹೇಗೆ? ಊರು ಇಲ್ಲದ್ದರಿಂದಲ್ಲ, ದಾಖಲೆಯ ಕಣ್ಣು ಬೇರೆ ಕಡೆಗೆ ನೆಟ್ಟದ್ದರಿಂದ. ಆಡಳಿತದ ಪುಸ್ತಕದಲ್ಲಿ ಗ್ರಾಮವೆಂದರೆ ಕಂದಾಯ ಹುಟ್ಟುವ ಭೂಮಿ. ಜನ ಅದರ ಮೇಲೆ ಇರಬಹುದು, ಇಲ್ಲದಿರಬಹುದು. ಈ ತಿಳಿವಳಿಕೆ ಬದಲಾಗದೆ ಎಷ್ಟು ಹಕ್ಕುಪತ್ರಗಳನ್ನು ಹಂಚಿದರೂ ಸಣ್ಣ ಊರುಗಳಿಗೆ ಆಗಿರುವ ಅನ್ಯಾಯದ ಅರ್ಧಭಾಗ ಹಾಗೆಯೇ ಉಳಿಯುತ್ತದೆ. ಊರಿನ ಹೆಸರನ್ನೂ ಎಲ್ಲೆಯನ್ನೂ ಬರೆಯುವಾಗ ಮೊದಲ ಸಾಕ್ಷಿ ಆ ಊರಿನ ಜನವೇ ಆಗಬೇಕು. ಕಡತ ಅವರ ಮಾತನ್ನು ಬರೆದುಕೊಳ್ಳಬೇಕು. ಈಗ ನಡೆಯುತ್ತಿರುವುದು ಇದರ ತದ್ವಿರುದ್ಧ.

ದೀಪವಿಲ್ಲದ ಗ್ರಾಮ, ಗ್ರಾಮವಲ್ಲದ ದೀಪ

ಕಂದಾಯ ಇಲಾಖೆಯ ಪರಿಭಾಷೆಯೇ ಈ ಮಾತಿಗೆ ಆಧಾರ. ಹಳೆಯ ಲೆಕ್ಕದಲ್ಲಿ ಗ್ರಾಮಗಳು ‘ಅಸಲಿ’ ಮತ್ತು ‘ದಾಖಲಿ’ ಎಂದು ಎರಡು ಬಗೆ. ಸ್ವಂತ ಎಲ್ಲೆಯೂ ಲೆಕ್ಕಪುಸ್ತಕವೂ ಉಳ್ಳದ್ದು ಅಸಲಿ. ಅದರೊಳಗೆ ಅಡಕವಾದ ಸಣ್ಣ ಊರು ದಾಖಲಿ. ಇದನ್ನೇ ಹಲವೆಡೆ ‘ಮಜರೆ’ ಎನ್ನುತ್ತಾರೆ. ಹಟ್ಟಿ, ಹಾಡಿ, ತಾಂಡಾ, ದೊಡ್ಡಿ, ಪಾಳ್ಯ, ಕೊಪ್ಪ, ಕೇರಿ, ಪೋಡು ಎಂದು ಕನ್ನಡ ನೆಲ ಹತ್ತಾರು ಹೆಸರುಗಳಿಂದ ಕರೆದ ವಸತಿಗಳೆಲ್ಲ ಈ ಒಂದು ಪದದೊಳಗೆ ಸೇರಿಹೋದವು. ಜೊತೆಗೆ ಮೂರನೆಯ ಬಗೆಯೊಂದಿದೆ: ಬೇಚಿರಾಕು. ಪಾರಸಿಯಲ್ಲಿ ‘ಚಿರಾಗ್’ ಎಂದರೆ ದೀಪ, ದೀಪವಿಲ್ಲದ್ದು ಬೇಚಿರಾಕು. ಒಬ್ಬನೂ ವಾಸಿಸದಿದ್ದರೂ ಸರ್ವೆ ನಂಬರುಗಳಿರುವುದರಿಂದ ಅದು ಗ್ರಾಮವೇ.

2011ರ ಜನಗಣತಿಯಲ್ಲಿ ಕರ್ನಾಟಕದ ಗ್ರಾಮಗಳ ಸಂಖ್ಯೆ 29,340. ಅವುಗಳಲ್ಲಿ ಸುಮಾರು ಎರಡು ಸಾವಿರ ಗ್ರಾಮಗಳಲ್ಲಿ ಜನರೇ ಇಲ್ಲ. ಜನಗಣತಿ ಎಣಿಸುವುದು ಜನರನ್ನಾದರೂ ಅದು ಗ್ರಾಮೀಣ ಘಟಕವನ್ನಾಗಿ ಹಿಡಿಯುವುದು ಕಂದಾಯ ಗ್ರಾಮವನ್ನು. ಕಂದಾಯ ಗ್ರಾಮವು ಒಂದೇ ಮನೆಸಮೂಹವಾಗಿರಬೇಕೆಂಬ ನಿಯಮವಿಲ್ಲ; ಅದಕ್ಕೆ ಅಳೆದ ಎಲ್ಲೆ ಇದ್ದರೆ ಸಾಕು. ಆದ್ದರಿಂದ ಒಂದು ವಿಚಿತ್ರ ಸ್ಥಿತಿ ಉಂಟಾಗಿದೆ. ನಿರ್ಜನವಾದ ಬೇಚಿರಾಕು ಗ್ರಾಮಕ್ಕೆ ಪಟ್ಟಿಯಲ್ಲಿ ಒಂದು ಸಾಲು, ಒಂದು ಸಂಕೇತಸಂಖ್ಯೆ; ಇನ್ನೂರು ಮನೆಗಳ ತಾಂಡಾಕ್ಕೆ ಯಾವುದೂ ಇಲ್ಲ. ಅಲ್ಲಿನ ಜನಸಂಖ್ಯೆ, ಅಕ್ಷರಸ್ಥರ ಪ್ರಮಾಣ, ಕುಡಿಯುವ ನೀರಿನ ಲೆಕ್ಕ ಎಲ್ಲವೂ ಒಂದೆರಡು ಮೈಲಿ ಆಚೆಯ ಅಸಲಿ ಗ್ರಾಮದ ಸಾಲಿನೊಳಗೆ ಕರಗುತ್ತವೆ. ಅಸಲಿ ಗ್ರಾಮದಲ್ಲಿ ಶಾಲೆಯಿದ್ದರೆ ತಾಂಡಾದಲ್ಲೂ ಇದ್ದಂತೆ; ಅಲ್ಲಿ ಬಾವಿ ಬತ್ತದಿದ್ದರೆ ಇಲ್ಲಿಯೂ ಬತ್ತಲಿಲ್ಲವೆಂಬ ಲೆಕ್ಕ.

ಯಾರ ವಸತಿಗಳು ಮಜರೆಗಳಾದವು ಎಂಬುದನ್ನು ನೋಡಿದರೆ ಇದು ಬರಿಯ ಲೆಕ್ಕದ ತೊಡಕಲ್ಲವೆಂದು ತಿಳಿಯುತ್ತದೆ. ಗೊಲ್ಲರ ಹಟ್ಟಿ, ಲಂಬಾಣಿ ತಾಂಡಾ, ಜೇನುಕುರುಬರ ಹಾಡಿ, ಸೋಲಿಗರ ಪೋಡು, ಊರ ಹೊರಗಿನ ದಲಿತ ಕಾಲೊನಿ: ಅಸಲಿ ಗ್ರಾಮದ ಜಾತಿವ್ಯವಸ್ಥೆ ಯಾರನ್ನು ಎಲ್ಲೆಯಿಂದಾಚೆ ಇರಿಸಿತೋ ದಾಖಲೆಯೂ ಬಹುಮಟ್ಟಿಗೆ ಅವರನ್ನೇ ಎಲ್ಲೆಯೊಳಗಿನ ಹೆಸರಿಲ್ಲದವರನ್ನಾಗಿ ಮಾಡಿತು. ಊರೊಳಗೆ ಸೇರಿಸಿಕೊಳ್ಳದ ಸಮಾಜ, ಬೇರೆ ಊರೆಂದು ಒಪ್ಪದ ಕಚೇರಿ ಇವೆರಡರ ನಡುವೆ ಆ ಜನ ಬದುಕಿದರು.

ಚತುಸ್ಸೀಮೆಯ ಸಾಕ್ಷ್ಯ

ಸಣ್ಣ ಊರನ್ನು ಹೆಸರಿಸಿ ಎಲ್ಲೆ ಬರೆಯುವ ಕೆಲಸ ಈ ನೆಲಕ್ಕೆ ಹೊಸತಲ್ಲ. ಕನ್ನಡದ ಅತ್ಯಂತ ಹಳೆಯ ಶಾಸನಗಳಲ್ಲಿ ಒಂದೆಂದು ಪ್ರಸಿದ್ಧವಾದ, ಸುಮಾರು ಕ್ರಿ.ಶ. 450ರ ಹಲ್ಮಿಡಿ ಶಾಸನದ ಮುಖ್ಯ ಸಂಗತಿಯೇ ಎರಡು ಸಣ್ಣ ಊರುಗಳ ದತ್ತಿ: ಪಲ್ಮಿಡಿ ಮತ್ತು ಮೂಳಿವಳ್ಳಿ. ಪಕಾರ ಹಕಾರವಾದುದನ್ನು ಬಿಟ್ಟರೆ ಬೇಲೂರು ತಾಲ್ಲೂಕಿನ ಆ ಊರು ಇಂದಿಗೂ ಅದೇ ಹೆಸರಿನಲ್ಲಿದೆ. ಕದಂಬರಿಂದ ಇತ್ತೀಚಿನವರೆಗೆ ಎಷ್ಟೋ ಪ್ರಭುತ್ವಗಳು ಬದಲಾದವು. ಆ ಹೆಸರನ್ನು ಕಾಪಾಡಿದ್ದು ಅವುಗಳಲ್ಲಿ ಯಾವುದೂ ಅಲ್ಲ, ಆ ಊರಲ್ಲಿ ಬದುಕಿದವರ ನಾಲಗೆ.

ಮಧ್ಯಕಾಲದ ದಾನಶಾಸನಗಳ ಸೀಮಾಭಾಗವನ್ನು ಓದಿದವರಿಗೆ ಗೊತ್ತು: ಮೂಡಲು ಇಂಥ ಹಳ್ಳ, ತೆಂಕಲು ಇಂಥ ಮೊರಡಿ, ಪಡುವಲು ಕೆರೆಯ ಕೋಡಿ, ಬಡಗಲು ಇಂಥ ಊರಿಗೆ ಹೋಗುವ ಬಟ್ಟೆ ಎಂದು ಎಲ್ಲೆ ಸುತ್ತಿಬರುತ್ತದೆ. ಹುಣಿಸೆ, ಆಲ, ಹುತ್ತ, ನೆಟ್ಟ ಕಲ್ಲು, ನೈದಿಲೆಯ ಗುಂಡಿ ಎಲ್ಲವೂ ಅಲ್ಲಿ ಸಾಕ್ಷಿಗಳು. ಎಲ್ಲೆಯಲ್ಲಿ ಕಲ್ಲು ನೆಡುವಾಗ ದತ್ತಿ ಯಾರಿಗೆ ಸಂದಿತೆಂಬುದನ್ನೂ ಕಲ್ಲಿನ ಮೇಲೆ ಗುರುತಿಸುತ್ತಿದ್ದರು: ಶಿವಾಲಯದ ಭೂಮಿಗೆ ಲಿಂಗಮುದ್ರೆಯ ಕಲ್ಲು, ವಿಷ್ಣುದೇವಾಲಯದ ಭೂಮಿಗೆ ವಾಮನಮುದ್ರೆಯ ಕಲ್ಲು, ಬಸದಿಯ ಭೂಮಿಗೆ ಮುಕ್ಕೊಡೆಯ ಕಲ್ಲು. ಓದುಬರಹ ಬಾರದವನಿಗೂ ಎಲ್ಲೆ ಕಾಣಿಸುವ ಕ್ರಮ ಅದು. ವಿಜಯನಗರದ ಕಾಲಕ್ಕೆ ಬಂದರೆ ಗ್ರಾಮವನ್ನು ದತ್ತಿ ಬಿಡುವಾಗ ಅದಕ್ಕೆ ಸೇರಿದ ‘ಕಾಲುವಳ್ಳಿ’ಗಳನ್ನೂ ಹೆಸರಿಸಿ ಹೇಳುವ ಶಾಸನಗಳು ವಿಪುಲವಾಗಿವೆ. ಕಾಲುವಳ್ಳಿಯೆಂದರೆ ಇಂದಿನ ಮಜರೆಯೇ. ತೆರಿಗೆಯ ಲೆಕ್ಕದಲ್ಲಿ ಅದು ಮೂಲಗ್ರಾಮಕ್ಕೆ ಅಂಟಿಕೊಂಡಿದ್ದರೂ ಬರೆಹದಲ್ಲಿ ಅದರ ಹೆಸರು ಲೋಪವಾಗಿರಲಿಲ್ಲ.

ಇದರಿಂದ ಶಾಸನಕಾಲ ಸುವರ್ಣಯುಗವಾಗಿತ್ತೆಂದು ಯಾರೂ ತೀರ್ಮಾನಿಸಬೇಕಾಗಿಲ್ಲ. ಆ ದತ್ತಿಗಳೂ ತೆರಿಗೆಯ ವರ್ಗಾವಣೆಗಳೇ. ದುಡಿಯುವವನನ್ನು ಕೇಳಿ ಅರಸ ಗ್ರಾಮವನ್ನು ದಾನ ಮಾಡಲಿಲ್ಲ. ಹೊಯ್ಸಳ ಒಂದನೆಯ ನರಸಿಂಹ 1159ರಲ್ಲಿ ಶ್ರವಣಬೆಳಗೊಳದ ಭಂಡಾರಿ ಬಸದಿಗೆ ಸವಣೇರನ್ನು ಬಿಟ್ಟಾಗ ಸವಣೇರಿನ ಒಕ್ಕಲಿನ ಅಭಿಪ್ರಾಯವೇನೆಂದು ಶಾಸನ ಹೇಳುವುದಿಲ್ಲ. ಆದರೆ ಎಲ್ಲೆಯ ವರ್ಣನೆ ನಿಲ್ಲುತ್ತಿದ್ದುದು ಸ್ಥಳೀಯರ ಅರಿವಿನ ಮೇಲೆ. ಯಾವ ಗುಂಡಿನ ಹೆಸರೇನು, ಯಾವ ಹಳ್ಳ ಎಲ್ಲಿ ತಿರುಗುತ್ತದೆ ಎಂಬುದನ್ನು ರಾಜಧಾನಿಯ ಸೇನಬೋವ ಬಲ್ಲವನಾಗಿರಲಿಲ್ಲ. ಕಡತಕ್ಕೆ ಊರನ್ನು ಕೇಳದೆ ಗತಿಯಿರಲಿಲ್ಲ.

ವಸಾಹತುಕಾಲದ ಮೊದಲ ಅಳತೆಯಲ್ಲಿಯೂ ಈ ಅನಿವಾರ್ಯತೆ ಪೂರ್ತಿ ಹೋಗಿರಲಿಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕಾಲಿನ್ ಮೆಕೆಂಜಿ ಮೈಸೂರು ಸೀಮೆಯ ಸರ್ವೆಗೆ ತೊಡಗಿದ. ಉದ್ದೇಶ ಸೈನ್ಯದ್ದು, ಕಂದಾಯದ್ದು. ಆದರೂ ಅವನ ಸಹಾಯಕರು ನಕ್ಷೆಯ ಜೊತೆಜೊತೆಗೆ ಊರೂರಿನ ಕೈಫಿಯತ್ತುಗಳನ್ನು ಬರೆಸಿಕೊಂಡರು. ಅವನಿಗೆ ಸ್ಥಳವೃತ್ತಾಂತಗಳನ್ನು ಒದಗಿಸಿದವರಲ್ಲಿ ಕನಕಗಿರಿಯ ಜೈನಪಂಡಿತ ದೇವಚಂದ್ರನೂ ಒಬ್ಬ. ಮುಂದೆ ರಾಜಾವಳಿ ಕಥೆಯನ್ನು ರಚಿಸಿದವನು ಅವನೇ. ಊರಿನ ಹೆಸರು ಹೇಗೆ ಬಂತು, ಬಸದಿಯನ್ನು ಯಾರು ಕಟ್ಟಿಸಿದರು, ಕೆರೆ ಒಡೆದದ್ದು ಯಾವಾಗ ಎಂಬ ಊರವರ ಮಾತುಗಳು ಕೈಫಿಯತ್ತುಗಳಲ್ಲಿ ಉಳಿದವು. ಎಂ.ಎಂ. ಕಲಬುರ್ಗಿಯವರು ಸಂಪಾದಿಸಿದ ‘ಕರ್ನಾಟಕದ ಕೈಫಿಯತ್ತುಗಳು’ ಸಂಪುಟವನ್ನು ತೆರೆದು ನೋಡಿದವರಿಗೆ ಅದರ ಬೆಲೆ ಗೊತ್ತಾಗುತ್ತದೆ.

ಆಮೇಲೆ ದಾರಿಗಳು ಬೇರೆಯಾದವು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದ ಕಂದಾಯ ಸರ್ವೆ ಹೊಲಕ್ಕೆ ನಂಬರು ಕೊಟ್ಟಿತು, ಮೂಲೆಗೆ ಬಾಂದುಕಲ್ಲು ನೆಟ್ಟಿತು, ಮಣ್ಣಿನ ತರಗತಿ ಮಾಡಿ ಆಕಾರ ಕಟ್ಟಿತು. ನಕ್ಷೆ ಸರ್ವೆ ಇಲಾಖೆಯಲ್ಲಿ ಉಳಿಯಿತು. ಕೈಫಿಯತ್ತು ಹಸ್ತಪ್ರತಿ ಭಂಡಾರ ಸೇರಿತು. ಒಂದನ್ನು ಅಧಿಕಾರಿ ಓದಿದ, ಇನ್ನೊಂದನ್ನು ಸಂಶೋಧಕ ಓದಿದ. ಒಬ್ಬರ ಮೇಜಿನಿಂದ ಇನ್ನೊಬ್ಬರ ಮೇಜಿಗೆ ಹಾಳೆ ಹೋಗಲಿಲ್ಲ. 1961ರ ಗ್ರಾಮಾಧಿಕಾರ ರದ್ದತಿ ಕಾಯಿದೆಯಿಂದ ವಂಶಪಾರಂಪರ್ಯದ ಶಾನುಭೋಗಿಕೆ, ಪಟೇಲಿಕೆಗಳು ಹೋದವು. ಹೋದದ್ದು ನ್ಯಾಯವೇ, ಆ ಹುದ್ದೆಗಳ ದಬ್ಬಾಳಿಕೆಯನ್ನು ಉಂಡವರು ಬಲ್ಲರು. ಆದರೆ ಅವುಗಳೊಡನೆ ಹೊಲದ ಹೆಸರು, ಕಟ್ಟೆಯ ಹೆಸರು, ಹಳೆಯ ದಾರಿಯ ಹೆಸರು ಬಲ್ಲ ಬಾಯಿಮಾತಿನ ಕಡತವೂ ಹೋಯಿತು. ಅದನ್ನು ಬರೆದಿಟ್ಟುಕೊಳ್ಳುವ ಏರ್ಪಾಡು ನಡೆಯಲೇ ಇಲ್ಲ.

ಹೆಸರು ಬದಲಿಸಲು ದೆಹಲಿ, ಕೆಡಿಸಲು ಯಾರೂ ಸಾಕು

ಊರಿನ ಹೆಸರನ್ನು ಬದಲಿಸುವ ಬಗೆಗೆ ಸರ್ಕಾರಕ್ಕೆ ನಿಯಮಗಳಿಲ್ಲವೆಂದಲ್ಲ. ಕೇಂದ್ರ ಗೃಹ ಸಚಿವಾಲಯದ 1953ರ ಮಾರ್ಗಸೂಚಿ ಇಂದಿಗೂ ಆಧಾರವಾಗಿದೆ. ಜನರಿಗೆ ರೂಢಿಯಾದ ಹೆಸರನ್ನು ಆದಷ್ಟು ಬದಲಿಸಬಾರದು, ಇತಿಹಾಸದ ಸಂಬಂಧವುಳ್ಳ ಹೆಸರನ್ನು ಮುಟ್ಟಬಾರದು ಎಂಬುದು ಅದರ ಆಶಯ. ಗ್ರಾಮದ ಹೆಸರು ಬದಲಾಗಬೇಕಾದರೆ ರಾಜ್ಯದ ಪ್ರಸ್ತಾವ ದೆಹಲಿಗೆ ಹೋಗಬೇಕು. ರೈಲ್ವೆ, ಅಂಚೆ ಇಲಾಖೆ, ಭಾರತೀಯ ಸರ್ವೇಕ್ಷಣಾ ಇಲಾಖೆಗಳ ಅಭಿಪ್ರಾಯ ಬರಬೇಕು. ಇಷ್ಟು ಬಿಗಿಯಾದ ಬಾಗಿಲಿನ ಪಕ್ಕದಲ್ಲಿಯೇ ಗೋಡೆಯಿಲ್ಲದ ಬಯಲಿದೆ. ಹೆಸರನ್ನು ಬದಲಿಸಲು ಅನುಮತಿ ಬೇಕು. ತಪ್ಪಾಗಿ ಬರೆಯಲು ಬೇಡ, ಬಿಟ್ಟುಬಿಡಲು ಬೇಡ.

ತಪ್ಪಾಗುವ ಬಗೆ ಸರಳವಾದುದು. ಕನ್ನಡದ ಹೆಸರು ರೋಮನ್ ಲಿಪಿಗೆ ಹೋಗುತ್ತದೆ; ಅಲ್ಲಿ ಲಕಾರ ಳಕಾರಗಳಿಗೆ, ನಕಾರ ಣಕಾರಗಳಿಗೆ, ಹ್ರಸ್ವ ದೀರ್ಘಗಳಿಗೆ ಭೇದವಿಲ್ಲ. ಕೆಲವು ವರ್ಷಗಳ ಮೇಲೆ ಅದೇ ಹೆಸರು ಗಣಕಯಂತ್ರದ ಪಟ್ಟಿಯಿಂದ ಕನ್ನಡಕ್ಕೆ ಮರಳುತ್ತದೆ, ಊರನ್ನು ಎಂದೂ ಕಾಣದವರ ಕೈಯಲ್ಲಿ. ‘ಬೆಳ್’ ಬಿಳುಪಿನ ಅರ್ಥವುಳ್ಳದ್ದು. ಬೆಳಗೊಳವೆಂದರೆ ಬಿಳಿಯ ಕೊಳ. ಅದರ ಳಕಾರ ಲಕಾರವಾದರೆ ಕೊಳವೂ ಇಲ್ಲ, ಬಿಳುಪೂ ಇಲ್ಲ. ಶ್ರವಣಬೆಳಗೊಳದಂಥ ಲೋಕಪ್ರಸಿದ್ಧ ಕ್ಷೇತ್ರಕ್ಕೆ ಅಪಾಯವಾಗದು. ತಿದ್ದುವವರು ಸಾವಿರ ಜನ ಇದ್ದಾರೆ. ಮೂವತ್ತು ಮನೆಗಳ ಊರಿಗೆ ತಿದ್ದುವವರು ಯಾರು? 2014ರ ನವೆಂಬರ್ 1ರಂದು ಬೆಂಗಳೂರು, ಮೈಸೂರು, ಬೆಳಗಾವಿ, ಬಳ್ಳಾರಿ ಮೊದಲಾದ ಹನ್ನೆರಡು ನಗರಗಳ ಹೆಸರನ್ನು ಕನ್ನಡದ ಉಚ್ಚಾರಣೆಗೆ ತಕ್ಕಂತೆ ತಿದ್ದಲಾಯಿತು. ಅದು ಕನ್ನಡದ ಗೆಲುವೆಂದು ಹಬ್ಬವಾಯಿತು. ನಗರಕ್ಕೆ ಸಂದ ಆ ಗೌರವ ಹಳ್ಳಿಗೆ ಇಂದಿಗೂ ಸಂದಿಲ್ಲ.

ಉಚ್ಚಾರಣೆಗಿಂತ ಆಳವಾದ ತಪ್ಪು ಅರ್ಥದ್ದು. ಬಸದಿ ಎಂಬ ಪದ ಜನರ ನುಡಿಯಲ್ಲಿ ‘ಬಸ್ತಿ’ ಆಯಿತು. ಹಳೇಬೀಡಿನ ಬಳಿಯ ಬಸ್ತಿಹಳ್ಳಿ, ಮೂಡುಬಿದಿರೆಯ ಸಾವಿರ ಕಂಬದ ಬಸ್ತಿ, ಮಂಡ್ಯ ಜಿಲ್ಲೆಯ ಬಸ್ತಿ ಹೊಸಕೋಟೆ ಎಲ್ಲವೂ ಜಿನಾಲಯವನ್ನು ಹೇಳುವ ಹೆಸರುಗಳು. ಉತ್ತರದ ನುಡಿಗಳಲ್ಲಿ ‘ಬಸ್ತಿ’ ಎಂದರೆ ವಸತಿ, ಬಡವರ ಕೇರಿ. ಪಟ್ಟಿ ತಯಾರಿಸುವವನು ಈ ಎರಡನೆಯ ಅರ್ಥವನ್ನೇ ಹಿಡಿದರೆ ಹೆಸರಿನಲ್ಲಿದ್ದ ಇತಿಹಾಸ ಒಂದು ಸಾಮಾನ್ಯನಾಮವಾಗಿ ಉದುರುತ್ತದೆ. ಮುಂದೆ ಅದನ್ನು ‘ಕಾಲೊನಿ’ ಎಂದು ಬದಲಿಸಿದರೂ ತಪ್ಪೆಂದು ಯಾರಿಗೂ ತೋರದು. ನಾಗಮಂಗಲ ತಾಲ್ಲೂಕಿನ ಕಂಬದಹಳ್ಳಿಗೆ ಹೆಸರು ತಂದದ್ದು ಅಲ್ಲಿನ ಬಸದಿಯ ಮುಂದಿನ ಮಾನಸ್ತಂಭ. ಅಂಥ ಕಂಬ ಬಿದ್ದುಹೋದ ಕಡೆಗಳಲ್ಲಿ ಕಂಬವಿತ್ತೆಂಬುದಕ್ಕೆ ಉಳಿಯುವ ಸಾಕ್ಷಿ ಹೆಸರೊಂದೇ.

ಹೊಸದಾಗಿ ಕಂದಾಯ ಗ್ರಾಮಗಳಾಗುವ ತಾಂಡಾ ಹಟ್ಟಿಗಳ ಪಾಡೂ ಇದೇ. ಲಂಬಾಣಿಗಳಲ್ಲಿ ತಾಂಡಾವನ್ನು ಅದನ್ನು ನೆಲೆಗೊಳಿಸಿದ ನಾಯ್ಕನ ಹೆಸರಿನಿಂದ ಕರೆಯುವ ರೂಢಿಯಿದೆ. ಆ ಹೆಸರಲ್ಲಿ ಒಂದು ವಲಸೆಯ ಕಥೆಯಿದೆ. ಕಡತಕ್ಕೆ ಸುಲಭವಾದದ್ದು ಮೂಲಗ್ರಾಮದ ಹೆಸರಿಗೆ ‘ತಾಂಡಾ’ ಎಂದು ಹಚ್ಚಿ ಒಂದು, ಎರಡು ಎಂದು ಸಂಖ್ಯೆ ಕೊಡುವುದು. ಇಲ್ಲವೇ ಪ್ರತಿಷ್ಠೆಗಾಗಿ ಒಂದು ‘ನಗರ’ವನ್ನೋ ‘ಪುರ’ವನ್ನೋ ಅಂಟಿಸುವುದು. ಹಕ್ಕುಪತ್ರ ಕೈಗೆ ಬರುವಾಗಲೇ ಹೆಸರು ಕೈತಪ್ಪುತ್ತದೆ.

ಸಂಶೋಧನೆಯ ಪಾಲು

ಈ ಹೊಣೆಯನ್ನು ಕಚೇರಿಯ ಮೇಲೆ ಮಾತ್ರ ಹೊರಿಸಿದರೆ ಅದು ಅರ್ಧಸತ್ಯ. ಕನ್ನಡ ಸಂಶೋಧನೆಯ ಬುನಾದಿಯಾದ ಎಪಿಗ್ರಾಫಿಯ ಕರ್ನಾಟಿಕ ಸಂಪುಟಗಳು ಶಾಸನಗಳನ್ನು ಜೋಡಿಸಿರುವುದು ತಾಲ್ಲೂಕುವಾರು, ಊರುವಾರು. ಬಿ.ಎಲ್. ರೈಸ್ ಮತ್ತು ಆರ್. ನರಸಿಂಹಾಚಾರ್ಯರ ಕಾಲದ ತಾಲ್ಲೂಕುಗಳು ಒಡೆದು ಹೊಸವಾದವು. ಹಲವು ಊರುಗಳು ಬೇಚಿರಾಕು ಆದವು, ಕೆಲವು ಜಲಾಶಯಗಳಲ್ಲಿ ಮುಳುಗಿದವು. ಶಾಸನದ ವಿಳಾಸವೇ ಊರಿನ ಹೆಸರು. ವಿಳಾಸ ತಪ್ಪಿದರೆ ಶಾಸನ ಅಚ್ಚಿನಲ್ಲಿ ಉಳಿದೀತು, ನೆಲದ ಮೇಲೆ ಸಿಕ್ಕದು. ಬೇಚಿರಾಕು ಗ್ರಾಮಗಳ ಹೆಸರು ಪಹಣಿಯಲ್ಲಿ ನಿಲ್ಲುವುದು ಅಲ್ಲಿ ಸಾಗುವಳಿ ಇರುವ ತನಕ. ಆ ಜಮೀನು ಬಡಾವಣೆಯಾದಾಗ, ಕೈಗಾರಿಕಾ ಪ್ರದೇಶವಾದಾಗ ಹೆಸರಿನ ಕೊನೆಯ ಆಸರೆಯೂ ಹೋಗುತ್ತದೆ. ಬಸದಿ ಹಾಳಾಗಿ, ಶ್ರಾವಕರು ವಲಸೆ ಹೋಗಿ, ಮುಕ್ಕೊಡೆಯ ಕಲ್ಲೊಂದು ಬದುವಿನಲ್ಲಿ ಉಳಿದ ಊರುಗಳ ಚರಿತ್ರೆಯನ್ನು ಬರೆಯಬೇಕಾದವರಿಗೆ ಈ ಎರಡು ಸಾವಿರ ನಿರ್ಜನ ಹೆಸರುಗಳು ಒಂದು ಗ್ರಂಥಾಲಯವಿದ್ದಂತೆ. ಶಂಬಾ ಜೋಶಿಯವರು ‘ಎಡೆಗಳು ಹೇಳುವ ಕಂನಾಡ ಕಥೆ’ಯಲ್ಲಿ ಊರ ಹೆಸರುಗಳನ್ನೇ ಆಕರವಾಗಿ ಹಿಡಿದು ತೋರಿಸಿದ ದಾರಿ ತೆರೆದೇ ಇದೆ. ನಡೆಯುವವರು ವಿರಳ.

ಜೈನ ಸಮಾಜವೂ ತನ್ನ ಕಡೆಗೆ ಒಮ್ಮೆ ನೋಡಿಕೊಳ್ಳಬೇಕು. ಶಿವಮೊಗ್ಗ ಜಿಲ್ಲೆಯ ಹುಂಚ ಶಾಸನಗಳ ಪೊಂಬುಚ್ಚ, ಸಾಂತರರ ರಾಜಧಾನಿ. ಸರ್ಕಾರಕ್ಕೆ ಅದು ಹುಂಚ, ಯಾತ್ರಿಕರಿಗೆ ಹೊಂಬುಜ. ಈ ಮೂರು ರೂಪಗಳಿಗೂ ಒಂದೊಂದು ಚರಿತ್ರೆಯಿದೆ. ಒಂದನ್ನು ಉಳಿಸಲು ಇನ್ನೆರಡನ್ನು ಒರೆಸಬೇಕಾಗಿಲ್ಲ. ಆದರೆ ಜೀರ್ಣೋದ್ಧಾರವೆಂದರೆ ಹಳೆಯ ಗೋಡೆಗೆ ಅಮೃತಶಿಲೆ ಹೊದಿಸುವುದೆಂದೂ ಊರಿಗೆ ಸಂಸ್ಕೃತದ ಹೊಸ ಹೆಸರು ತೊಡಿಸುವುದೆಂದೂ ತಿಳಿದವರು ಇದ್ದಾರೆ. ‘ಗಿರಿ’, ‘ಕ್ಷೇತ್ರ’, ‘ತೀರ್ಥ’ಗಳ ಫಲಕದ ಹಿಂದೆ ಒಕ್ಕಲಿಗನೂ ಶ್ರಾವಕನೂ ಒಟ್ಟಾಗಿ ಕರೆಯುತ್ತಿದ್ದ ಅಚ್ಚಗನ್ನಡದ ಹೆಸರು ಮರೆಯಾದರೆ ಅದೂ ಕಡತದ ಅಳಿಸುವಿಕೆಗಿಂತ ಬೇರೆಯಲ್ಲ. ಹನ್ನೆರಡನೆಯ ಶತಮಾನದಲ್ಲಿ ದಂಡನಾಯಕ ಗಂಗರಾಜ ಜಿನನಾಥಪುರವನ್ನು ನೆಲೆಗೊಳಿಸಿದಾಗ ಹೊಸ ಊರಿಗೆ ಹೊಸ ಹೆಸರಿಟ್ಟ. ಇದ್ದ ಊರಿನ ಹೆಸರನ್ನು ಕಿತ್ತು ಇನ್ನೊಂದನ್ನು ನೆಡುವುದು ಬೇರೆಯ ಮಾತು.

‘ಹುಣಿಸೆಮರದಿಂದ ಆಡಳಿತ ನಡೆಯದು’

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದು ಹುರುಳಿಲ್ಲದ್ದಲ್ಲ. ಮರ ಬೀಳುತ್ತದೆ, ಹಳ್ಳ ಪಾತ್ರ ಬದಲಿಸುತ್ತದೆ, ಊರವರ ಸಾಕ್ಷ್ಯದಲ್ಲಿ ಬಲ್ಲಿದನ ಮಾತೇ ಮೇಲಾಗುತ್ತದೆ. ಅಕ್ಷಾಂಶ ರೇಖಾಂಶಗಳಿಗೆ ಪಕ್ಷಪಾತವಿಲ್ಲ. 2020ರ ಏಪ್ರಿಲ್‌ನಲ್ಲಿ ಆರಂಭವಾದ ಸ್ವಾಮಿತ್ವ ಯೋಜನೆಯಲ್ಲಿ ಡ್ರೋನ್‌ಗಳು ಗ್ರಾಮಠಾಣದ ಮನೆಮನೆಯನ್ನು ಅಳೆಯುತ್ತಿರುವಾಗ ಚತುಸ್ಸೀಮೆಯ ಮಾತೇಕೆ ಎಂದು ಕೇಳಬಹುದು.

ಅಳತೆ ನಿಖರವಾಗಲಿ, ಅದನ್ನು ಬೇಡವೆನ್ನುವವರಿಲ್ಲ. ಆದರೆ ನಿಖರತೆ ಹೆಸರಿಗೆ ಬದಲಿಯಲ್ಲ. ಡ್ರೋನ್ ಮನೆಯ ಮಾಡನ್ನು ಕಾಣುತ್ತದೆ. ಆ ಕೇರಿಯನ್ನು ಏನೆಂದು ಕರೆಯುತ್ತಾರೆಂಬುದು ಮೇಲಿನಿಂದ ಕಾಣದು. ಸರ್ವೇಕ್ಷಣಾ ಇಲಾಖೆಯ ರೂಢಿಯ 1:50,000 ಪ್ರಮಾಣದ ಹಾಳೆಯಲ್ಲಿ ನೂರು ಮೀಟರು ಅಗಲದ ಹಟ್ಟಿ ಎರಡು ಮಿಲಿಮೀಟರು. ಅದರ ಪಕ್ಕದಲ್ಲಿ ಹೆಸರು ಬರೆಯುವುದೋ ಬಿಡುವುದೋ ಎಂಬುದು ಉಪಕರಣದ ಪ್ರಶ್ನೆಯಲ್ಲ, ನಿರ್ಧಾರದ ಪ್ರಶ್ನೆ. ಮೇಲಾಗಿ ಗ್ರಾಮಠಾಣವೆಂದು ಮೊದಲೇ ಗುರುತಾದ ನೆಲವನ್ನೇ ಅಳೆಯುವ ಯೋಜನೆ, ಗುರುತಾಗದ ವಸತಿಯನ್ನು ತಾನಾಗಿ ಕಂಡುಹಿಡಿಯುವುದಿಲ್ಲ.

ಯಂತ್ರವನ್ನೂ ಜನರ ಸಾಕ್ಷ್ಯವನ್ನೂ ಕೂಡಿಸಬಹುದೆಂಬುದಕ್ಕೆ ಕರ್ನಾಟಕದಲ್ಲೇ ನಿದರ್ಶನವಿದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ತಮ್ಮ ಪವಿತ್ರ ತಾಣಗಳನ್ನು ಸಂಶೋಧಕರ ಜೊತೆ ಕಾಡಿನಲ್ಲಿ ನಡೆದು, ಉಪಗ್ರಹ ಆಧಾರಿತ ಉಪಕರಣದಿಂದ ನಕ್ಷೆಗೆ ಇಳಿಸಿದರು. ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂದು ಅವರೇ ಮಾಡಿಕೊಂಡಿದ್ದ ವಿಭಾಗಗಳಲ್ಲಿ ನೂರಾರು ತಾಣಗಳು ಅವರ ಹೆಸರುಗಳಲ್ಲೇ ದಾಖಲಾದವು. ಕುಲಕುಲಗಳ ನೆಲೆಯನ್ನು ಅವರು ಕರೆಯುವುದು ‘ಎಲ್ಲೆ’ ಎಂದೇ. 2011ರಲ್ಲಿ ಅರಣ್ಯಹಕ್ಕು ಕಾಯಿದೆಯಡಿ ಅಲ್ಲಿನ ಗ್ರಾಮಸಭೆಗಳಿಗೆ ಸಮುದಾಯದ ಹಕ್ಕುಗಳು ದೊರೆತವು. ನಕ್ಷೆ ಅವರನ್ನು ಕಾಡಿನ ಅತಿಕ್ರಮಣಕಾರರೆಂದು ತೋರಿಸಲಿಲ್ಲ, ಕಾಡಿನ ಹೆಸರು ಬಲ್ಲವರೆಂದು ತೋರಿಸಿತು.

ನೆರೆಯ ಮಹಾರಾಷ್ಟ್ರದ ಸಾತ್‌ಬಾರಾ ಉತಾರದಲ್ಲಿ ಹೊಲದ ಸ್ಥಳೀಯ ಹೆಸರಿಗೆಂದೇ ಒಂದು ಕಲಮು ಇದೆ. ಕರ್ನಾಟಕದ ಪಹಣಿಯಲ್ಲಿ ಮಣ್ಣಿನ ಬಗೆಗೆ ಕಲಮಿದೆ, ಮರಗಳ ಸಂಖ್ಯೆಗೆ ಕಲಮಿದೆ, ಹೊಲದ ಹೆಸರಿಗಿಲ್ಲ. ಭೂಮಿ ಯೋಜನೆಯಲ್ಲಿ ಎರಡು ಕೋಟಿಯಷ್ಟು ಪಹಣಿಗಳನ್ನು ಗಣಕಕ್ಕೆ ಏರಿಸಿದ ರಾಜ್ಯಕ್ಕೆ ಒಂದು ಕಲಮನ್ನು ಸೇರಿಸುವುದು ದುಸ್ಸಾಧ್ಯವೆಂದು ನಂಬುವುದು ಕಷ್ಟ.

ಆಗಬೇಕಾದದ್ದು

ಮೊದಲನೆಯದಾಗಿ, ಜನವಸತಿಯ ಹೆಸರನ್ನು ಕಂದಾಯ ಗ್ರಾಮದ ಸ್ಥಾನದಿಂದ ಬಿಡಿಸಬೇಕು. ಮಜರೆಯೊಂದು ಕಂದಾಯ ಗ್ರಾಮವಾಗಲು ಜನಸಂಖ್ಯೆ, ವಿಸ್ತೀರ್ಣ, ದೂರಗಳ ಷರತ್ತು ಇರಲಿ. ಆದರೆ ಹೆಸರಿನೊಡನೆ ದಾಖಲಾಗಲು ಷರತ್ತು ಏಕೆ? ಹತ್ತು ಮನೆಗಳ ಹಾಡಿಗೂ ಸಂಕೇತಸಂಖ್ಯೆ ಇರಬೇಕು, ಜನಗಣತಿಯಲ್ಲಿ ಅದರದೇ ಸಾಲು ಇರಬೇಕು.

ಎರಡನೆಯದಾಗಿ, ಹೊಸ ಕಂದಾಯ ಗ್ರಾಮಗಳ ಹೆಸರನ್ನು ಆ ವಸತಿಯ ಜನರ ಸಭೆಯಲ್ಲಿ ಕೇಳಿ, ಅವರ ಉಚ್ಚಾರಣೆಯಲ್ಲಿ, ಕನ್ನಡ ಲಿಪಿಯಲ್ಲಿ ಮೊದಲು ಬರೆದುಕೊಳ್ಳಬೇಕು. ಅಸಲಿ ಗ್ರಾಮದ ಪ್ರಬಲರ ಸಭೆ ಮಜರೆಯ ಪರವಾಗಿ ಹೆಸರಿಡುವಂತಾಗಬಾರದು. ರೋಮನ್ ರೂಪ ಕನ್ನಡದಿಂದ ಹುಟ್ಟಬೇಕು. ಕನ್ನಡ ರೂಪ ರೋಮನ್‌ನಿಂದಲ್ಲ.

ಮೂರನೆಯದಾಗಿ, ಬೇಚಿರಾಕು ಗ್ರಾಮಗಳ, ಮುಳುಗಡೆಯಾದ ಊರುಗಳ ಹೆಸರುಗಳನ್ನು ಹಳೆಯ ಗ್ರಾಮನಕ್ಷೆಗಳೊಡನೆ ತಾಲ್ಲೂಕುವಾರು ಪ್ರಕಟಿಸಬೇಕು. ಆ ಭೂಮಿ ಯಾವ ಉಪಯೋಗಕ್ಕೆ ಹೋದರೂ ಹೆಸರು ದಾಖಲೆಯಿಂದ ಹೊರಗೆ ಹೋಗಬಾರದು. ಪಹಣಿಯಲ್ಲಿ ಹೊಲದ ಹೆಸರಿಗೆ ಕಲಮು ಬರಬೇಕು.

ನಾಲ್ಕನೆಯದು ವಿಶ್ವವಿದ್ಯಾಲಯಗಳಿಗೆ ಸೇರಿದ್ದು. ಒಂದೊಂದು ಹೋಬಳಿಯನ್ನು ಒಬ್ಬೊಬ್ಬ ವಿದ್ಯಾರ್ಥಿ ಹಿಡಿದು, ಶಾಸನಗಳ ಸೀಮಾಭಾಗವನ್ನೂ ಕೈಫಿಯತ್ತನ್ನೂ ಗ್ರಾಮನಕ್ಷೆಯನ್ನೂ ಕೈಯಲ್ಲಿಟ್ಟುಕೊಂಡು, ಊರಿನ ಹಿರಿಯರೊಡನೆ ಎಲ್ಲೆ ಸುತ್ತಿ ಬರಬೇಕು. ಪಿಎಚ್.ಡಿ. ಪದವಿಗೆ ಅದು ಸಾಲದೆಂದು ಹೇಳುವವರು ಒಂದು ದಾನಶಾಸನದ ನಾಲ್ಕು ದಿಕ್ಕನ್ನು ನೆಲದ ಮೇಲೆ ಗುರುತಿಸಿ ನೋಡಲಿ. ಈ ಕೆಲಸಕ್ಕೆ ಕಾಲದ ಮಿತಿಯಿದೆ. ಹೊಲದ ಹೆಸರುಗಳನ್ನು ಹೇಳಬಲ್ಲವರಲ್ಲಿ ಬಹುಮಂದಿ ಈಗ ಎಪ್ಪತ್ತು ದಾಟಿದವರು. ಅವರ ಮಕ್ಕಳು ಅದೇ ಹೊಲವನ್ನು ಸರ್ವೆ ನಂಬರಿನಿಂದ ಗುರುತಿಸುತ್ತಾರೆ.